ನಾಲ್ಕು ಉಡಿಗಳ ಕಾಗದಪತ್ರ

ನನ್ನ ಕಂಪ್ಯೂಟರಿನಲ್ಲಿ ಬಕ್ಷೀಸು ಪತ್ರದ ಒಂದು ನಮೂನೆ ಇದೆ. ತಂದೆತಾಯಿ ಬೆಳೆದ ಮಕ್ಕಳಿಗೆ ಹಣ ಕೊಟ್ಟಾಗ, ಅದು ಮಕ್ಕಳ ಗುಟ್ಟಿನ ಸಂಪಾದನೆಯಲ್ಲ ಎಂದು ಆದಾಯ ತೆರಿಗೆ ಇಲಾಖೆಗೆ ತೋರಿಸಲು ಬೇಕಾಗುವ ಒಂದೇ ಪುಟದ ಕಾಗದ. ಕೊಟ್ಟವರ ಹೆಸರು, ಪಡೆದವರ ಹೆಸರು, ಸಂಬಂಧ, ಮೊತ್ತ, ದಿನಾಂಕ. ನಡುವೆ ‘ಸ್ವಾಭಾವಿಕ ಪ್ರೀತಿ ವಾತ್ಸಲ್ಯದಿಂದ’ ಎಂಬ ಸಾಲು. ಹದಿನೆಂಟು ವರ್ಷಗಳಿಂದ ಅದೇ ನಮೂನೆ. ಖಾಲಿ ಜಾಗ ತುಂಬಿ ಸಹಿ ಹಾಕಿಸಿದರೆ ನನ್ನ ಕೆಲಸ ಮುಗಿಯಿತು. ಪ್ರೀತಿ ವಾತ್ಸಲ್ಯವನ್ನು ಎಷ್ಟು ಸಲ ಪ್ರಿಂಟ್ ತೆಗೆದಿದ್ದೇನೋ ನನಗೇ ಗೊತ್ತಿಲ್ಲ. ಆ ಕಾಗದ ನನಗೇ ತಿರುಗಿಬಿದ್ದ ಒಂದು ಚಳಿಗಾಲದ ಅನುಭವ ಇದು.

ನನ್ನ ಲೆಕ್ಕಪರಿಶೋಧನೆಯ ಕಚೇರಿ ಕಲಬುರಗಿಯ ಮೋಮಿನಪುರದ ಅಂಚಿನಲ್ಲಿದೆ. ಪುಸ್ತಕಗಳಿಗೆ ರಟ್ಟು ಕಟ್ಟುವ ಅಂಗಡಿಯ ಮೇಲಿನ ಒಂದೇ ಕೋಣೆ. ಕೆಳಗಿನ ರಟ್ಟಿನವರು ಮಧ್ಯಾಹ್ನ ಮೆಟ್ಟಿಲ ಬುಡದಿಂದ “ಬಾಯೀ, ಚಾಯ್?” ಎಂದು ಕೂಗುತ್ತಾರೆ. ಕೆಲವು ದಿನ ನನ್ನೊಡನೆ ಬಾಯಿಬಿಟ್ಟು ಮಾತಾಡುವವರು ಅವರೊಬ್ಬರೇ. ಮೊದಲಾದರೆ ನೋಟಿಸು ಬಂದರೆ ತೆರಿಗೆ ಕಚೇರಿಯ ಬೆಂಚಿನ ಮೇಲೆ ಕಾಯಬೇಕಿತ್ತು, ಜಗಳವಾಡುವುದಕ್ಕಾದರೂ ಎದುರಿಗೆ ಒಂದು ಮುಖ ಇರುತ್ತಿತ್ತು. ಈಗ ಎಲ್ಲವೂ ಪೋರ್ಟಲ್. ಅಧಿಕಾರಿ ಯಾವ ಊರಿನವರು, ಹೆಂಗಸೋ ಗಂಡಸೋ, ಏನೂ ತಿಳಿಯುವುದಿಲ್ಲ. ಉತ್ತರ ಬರೆದು ಅಪ್‌ಲೋಡ್ ಮಾಡಿದರೆ ಒಂದು ಸಂಖ್ಯೆ ಬರುತ್ತದೆ, ಅಷ್ಟೇ. ಮನೆಗೆ ಹೋದರೂ ನಾನೊಬ್ಬಳೇ. ಗಂಡ ತೀರಿಕೊಂಡಾಗ ನನಗೆ ಮೂವತ್ತೊಂದು ವರ್ಷ, ಮಕ್ಕಳಿಲ್ಲ. ಇದನ್ನು ಈಗಲೇ ಹೇಳಿಬಿಡುತ್ತೇನೆ, ಮುಂದೆ ಬೇಕಾಗುತ್ತದೆ.

ಸೆಪ್ಟೆಂಬರಿನಲ್ಲಿ ಒಬ್ಬ ಹೆಣ್ಣುಮಗಳು ಮೆಟ್ಟಿಲು ಹತ್ತಿ ಬಂದಳು. ಆಸ್ಪತ್ರೆಯೊಂದರ ಪ್ರಯೋಗಾಲಯದಲ್ಲಿ ರಕ್ತ ಪರೀಕ್ಷೆ ಮಾಡುವ ಕೆಲಸ, ಗಂಡ ಶಾಲೆಯೊಂದರಲ್ಲಿ ಗುಮಾಸ್ತ. ಇಬ್ಬರೂ ಸೇರಿ ಕೋಟನೂರಿನಲ್ಲಿ ಒಂದು ಪ್ಲಾಟು ಕೊಂಡಿದ್ದರು. ಹೆಚ್ಚಿನ ಪಾಲು ಬ್ಯಾಂಕಿನ ಸಾಲ, ಸ್ವಲ್ಪ ಉಳಿತಾಯ. ಉಳಿದ ಏಳು ಲಕ್ಷ ಅವಳ ಖಾತೆಗೆ ನಗದಾಗಿ, ನಾಲ್ಕು ಕಂತಿನಲ್ಲಿ ಜಮೆಯಾಗಿತ್ತು. ಅದು ಎಲ್ಲಿಂದ ಬಂತು ಎಂದು ನೋಟಿಸು ಕೇಳಿತ್ತು.

“ಮೇಡಂ, ನಾ ಏನ್ ಕಳವು ಮಾಡೀನೇನ್ರಿ?” ಎಂದು ಮೊಬೈಲನ್ನು ನನ್ನ ಮುಂದಿಟ್ಟಳು. “ನಮ್ಮಪ್ಪ ಕೊಟ್ಟ ರೊಕ್ಕರಿ ಅದು. ಕಮಲಾಪುರದಾಗ ಬಾಳಿ ತೋಟ ಅದ. ಆಗಾಗ ಕೊಟ್ಟಾನ.”

“ಹೆದರಬ್ಯಾಡ್ರಿ, ಅಪ್ಪ ಮಗಳಿಗಿ ಕೊಟ್ರ ತೆರಿಗಿ ಇಲ್ಲ,” ಅಂದೆ. ಅದು ನಿಜವೇ. ಆದರೆ ಕೊಟ್ಟದ್ದು ಹೌದು, ಕೊಡುವ ಶಕ್ತಿ ತಂದೆಗೆ ಇತ್ತು ಎಂದು ತೋರಿಸುವ ಹೊಣೆ ಪಡೆದವರ ಮೇಲಿರುತ್ತದೆ. ಅದು ನನಗೆ ದಿನನಿತ್ಯದ ಕೆಲಸ. ಲೆಕ್ಕಪರಿಶೋಧನೆಯ ಗಡುವು ತಲೆಯ ಮೇಲಿತ್ತು, ಮೇಜಿನ ಮೇಲೆ ಫೈಲುಗಳು ಗುಡ್ಡೆ ಬಿದ್ದಿದ್ದವು. ಹಳೆಯ ನಮೂನೆಯನ್ನು ತೆರೆದೆ. ಮೊತ್ತ ಏಳು ಲಕ್ಷ. ದಿನಾಂಕಕ್ಕೆ ಒಂದೇ ಜಾಗವಿತ್ತು, ಕೊನೆಯ ಜಮೆಯ ಹಿಂದಿನ ದಿನವನ್ನು ಅದರಲ್ಲಿ ತುಂಬಿದೆ. ಅವಳು ಭಾನುವಾರ ಊರಿಗೆ ಹೋಗಿ ತಂದೆಯ ಸಹಿ ಮಾಡಿಸಿಕೊಂಡು ಬಂದಳು. ಅಪ್‌ಲೋಡ್ ಮಾಡಿ ಮರೆತುಬಿಟ್ಟೆ. ‘ಆಗಾಗ’ ಎಂದು ಅವಳು ಸ್ಪಷ್ಟವಾಗಿ ಹೇಳಿದ್ದಳು. ನಾನು ಕೇಳಿಸಿಕೊಂಡೂ ಕೇಳಿಸಿಕೊಳ್ಳಲಿಲ್ಲ.

ಎಳ್ಳಮಾವಾಸ್ಯೆಗೆ ಮೂರು ದಿನ ಇರುವಾಗ ಎರಡನೆಯ ನೋಟಿಸು ಬಂತು. ಉತ್ತರಕ್ಕೆ ಏಳು ದಿನದ ಗಡುವು. ನಿಂತಲ್ಲೇ ಓದಿದೆ, ಆಮೇಲೆ ಕುರ್ಚಿ ಎಳೆದುಕೊಂಡು ಕೂತೆ. ತಂದೆ ಏಳು ಲಕ್ಷವನ್ನು ಒಂದೇ ದಿನ ಕೊಟ್ಟಿದ್ದರೆ, ಅದಕ್ಕೂ ತಿಂಗಳುಗಟ್ಟಲೆ ಮೊದಲೇ ಮೂರು ಜಮೆ ಹೇಗಾಯಿತು? ಒಬ್ಬರಿಂದ ಒಂದೇ ದಿನ ಅಥವಾ ಒಂದೇ ಸಂದರ್ಭಕ್ಕೆಂದು ಎರಡು ಲಕ್ಷ ಮುಟ್ಟುವ ನಗದು ಪಡೆಯಬಾರದು ಎಂಬ ನಿಯಮವಿದೆ. ಅದನ್ನು ಮುರಿದದ್ದಕ್ಕೆ ಪಡೆದಷ್ಟೇ ದಂಡ ಯಾಕೆ ಹಾಕಬಾರದು? ಪತ್ರವೇ ನಂಬಲರ್ಹವಲ್ಲ ಎಂದು ಏಳು ಲಕ್ಷವನ್ನೂ ಮೂಲ ತಿಳಿಯದ ಹಣವೆಂದು ಯಾಕೆ ಹಿಡಿಯಬಾರದು? ಹಾಗೆ ಹಿಡಿದರೆ ಮುಕ್ಕಾಲು ಪಾಲಿಗಿಂತ ಹೆಚ್ಚು ತೆರಿಗೆಗೇ ಹೋಗುತ್ತದೆ. ಕೊನೆಯಲ್ಲಿ ಒಂದು ಪ್ರಶ್ನೆ: ಪ್ರತಿ ಸಲ ಯಾವ ದಿನ, ಎಲ್ಲಿ, ಯಾವ ರೀತಿ, ಯಾರ ಎದುರು ಕೊಡಲಾಯಿತು, ತಂದೆಯ ಪ್ರಮಾಣಪತ್ರದೊಂದಿಗೆ ತಿಳಿಸಿ.

ಅಧಿಕಾರಿಯ ಮೇಲೆ ಸಿಟ್ಟು ಮಾಡಲು ಜಾಗವೇ ಇರಲಿಲ್ಲ. ನನ್ನ ಪತ್ರವನ್ನು ಬ್ಯಾಂಕಿನ ಹಾಳೆಯ ಪಕ್ಕದಲ್ಲಿಟ್ಟರೆ ಯಾರಾದರೂ ಇದನ್ನೇ ಕೇಳುತ್ತಿದ್ದರು. ನಿಜವಾಗಿದ್ದ ಹಣಕ್ಕೆ ನನ್ನ ಕೈಯಾರೆ ಸುಳ್ಳಿನ ಬಣ್ಣ ಬಳಿದಿದ್ದೆ. ಫೋನು ಹಚ್ಚಿ ಅವಳಿಗೆ ಹೇಳಿದೆ: “ತಪ್ಪು ನಂದು. ನೀವು ಆಗಾಗ ಅಂದಿದ್ರಿ, ನಾ ಒಂದ ದಿನ ಅಂತ ಬರದೆ.”

“ಪಾಯಾ ಹಾಕೀವ್ರಿ ಮೇಡಂ. ಪ್ಲಾಟು ಮಾರಬೇಕಾಗ್ತದೇನ್ರಿ?” ಅಂದಳು. ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

ಅಂದು ಸಂಜೆ ಬ್ಯಾಂಕಿನ ಹಾಳೆಯನ್ನು ಮುಂದಿಟ್ಟುಕೊಂಡು ಕೂತೆ. ನಾಲ್ಕು ಜಮೆಗಳು. ಒಂದೂವರೆ ಲಕ್ಷ, ಒಂದು ಎಪ್ಪತ್ತೈದು, ಒಂದು ತೊಂಬತ್ತು, ಒಂದು ಎಂಬತ್ತೈದು. ಏಪ್ರಿಲ್, ಆಗಸ್ಟ್, ಆಮೇಲೆ ಚಳಿಗಾಲದಲ್ಲಿ ಎರಡು. ತಿಂಗಳಿಗೊಮ್ಮೆ ಎನ್ನಲು ಬರುವುದಿಲ್ಲ, ಫಸಲಿಗೊಮ್ಮೆ ಎನ್ನಲೂ ಬರುವುದಿಲ್ಲ. ಯಾವ ಲೆಕ್ಕಕ್ಕೂ ಸಿಗದ ದಿನಾಂಕಗಳು. ನನಗೊಂದು ಜಿಪುಣ ಅಭ್ಯಾಸವಿದೆ: ಹಳೆಯ ಕ್ಯಾಲೆಂಡರಿನ ಹಾಳೆಗಳನ್ನು ಎಸೆಯದೆ ಫೈಲುಗಳಿಗೆ ಹೊದಿಕೆ ಹಾಕುತ್ತೇನೆ. ಮೇಜಿನ ಮೇಲಿದ್ದ ಇನ್ನಾರದೋ ಫೈಲಿಗೆ ಅದೇ ವರ್ಷದ ಆಗಸ್ಟ್ ಹಾಳೆ ಹೊದಿಸಿತ್ತು. ಜಮೆಯಾದ ದಿನದ ಹಿಂದಿನ ಚೌಕದಲ್ಲಿ ಹೆಡೆ ಎತ್ತಿದ ನಾಗಪ್ಪನ ಪುಟ್ಟ ಚಿತ್ರವಿತ್ತು. ಪಂಚಮಿ. ಎದ್ದು ಕಪಾಟಿನ ಫೈಲುಗಳನ್ನೆಲ್ಲ ಕೆಡವಿ ಉಳಿದ ಮೂರು ಹಾಳೆ ಹುಡುಕಿದೆ. ಯುಗಾದಿಯ ಮೂರನೆಯ ದಿನ. ದೀಪಾವಳಿ ಪಾಡ್ಯದ ಮರುದಿನ. ಎಳ್ಳಮಾವಾಸ್ಯೆಯ ಮರುದಿನ.

ಮರುದಿನ ಅವಳು ಕೆಲಸ ಮುಗಿಸಿ ಬಂದಾಗ ನಾಲ್ಕೂ ಹಾಳೆಗಳನ್ನು ತೋರಿಸಿದೆ. ಅವಳು ನಾಚಿಕೊಂಡವಳಂತೆ ನಕ್ಕಳು.

“ಹಬ್ಬಕ್ಕ ತವರಿಗಿ ಹೋಗ್ತೀನಲ್ರಿ, ಆವಾಗ ಉಡ್ಯಾಗ ಹಾಕಿ ಕೊಡ್ತಾನ್ರಿ ಅಪ್ಪ. ಊರಿಂದ ಬಂದಕೂಡ್ಲೆ ಬ್ಯಾಂಕಿಗಿ ಹಾಕ್ತಿದ್ದೆ.”

ಉಡಿ ಗೊತ್ತಲ್ಲ. ತವರಿನಿಂದ ಹೊರಡುವ ಮಗಳ ಸೆರಗಿಗೆ ಅಕ್ಕಿ, ಕೊಬ್ಬರಿ, ಉತ್ತತ್ತಿ, ಅರಿಷಿಣ ಕೊಂಬು, ಬೆಲ್ಲ, ಕುಬಸದ ಖಣ ತುಂಬಿ ಕಳಿಸುವುದು. ಮರಾಠಿ ಮಾತಾಡುವ ನಮ್ಮ ಮನೆಯಲ್ಲಿ ಅದನ್ನು ಓಟಿ ಅನ್ನುತ್ತಿದ್ದರು. ಅವಳು ಪರ್ಸಿನಿಂದ ಗಂಟು ಕಟ್ಟಿದ ಒಂದು ಬಟ್ಟೆಯ ತುಂಡು ತೆಗೆದು ಬಿಚ್ಚಿದಳು. ಅದರಲ್ಲಿ ಒಂದು ರೂಪಾಯಿಯ ನಾಲ್ಕು ನಾಣ್ಯ.

“ಒಂದೂವರಿ ಲಕ್ಷದ ಮ್ಯಾಲ ಒಂದ ರೂಪಾಯಿ ಇಡ್ತಾನ್ರಿ. ಪ್ರತಿ ಸಲನೂ ಹಂಗ. ನೋಟ ಬ್ಯಾಂಕಿಗಿ ಹಾಕ್ದೆ, ಇವನ್ನ ಹಾಕಾಕ ಮನಸ ಬರಲಿಲ್ಲ.”

ನಾನು ಬರೆದುಕೊಳ್ಳತೊಡಗಿದೆ. ಪ್ರತಿ ಸಲವೂ ಎರಡು ಲಕ್ಷಕ್ಕಿಂತ ಕಡಿಮೆ, ಪ್ರತಿ ಹಬ್ಬವೂ ಬೇರೆ ಸಂದರ್ಭ. ನಿಯಮ ಮುರಿದೇ ಇರಲಿಲ್ಲ. ಆಸ್ಪತ್ರೆಯ ಹಾಜರಿ ಪುಸ್ತಕದಲ್ಲಿ ಆ ನಾಲ್ಕೂ ಹಬ್ಬಕ್ಕೆ ರಜೆ ನಮೂದಾಗಿದೆಯೇ ಎಂದು ಕೇಳಿದೆ. ಆಗಿತ್ತು. ಅದರ ದೃಢೀಕೃತ ನಕಲು ತರಲು ಹೇಳಿದೆ. ತಂದೆಯ ಪಹಣಿ ತೆಗೆಸಿದಾಗ ಇನ್ನೊಂದು ತೊಡಕು ಕಾಣಿಸಿತು: ಬೆಳೆಯ ಕಾಲಂನಲ್ಲಿ ತೊಗರಿ ಎಂದಿತ್ತು. ಅವರು ತೊಗರಿ ಬಿಟ್ಟು ಕೆಂಬಾಳೆ ಹಚ್ಚಿ ವರ್ಷಗಳೇ ಆಗಿದ್ದರೂ ಅದನ್ನು ಬದಲಾಯಿಸಲು ಅರ್ಜಿ ಕೊಟ್ಟಿರಲಿಲ್ಲ. ತೊಗರಿಯ ಎರಡು ಎಕರೆಯಿಂದ ವರ್ಷಕ್ಕೆ ಏಳು ಲಕ್ಷ ಉಳಿಯಿತೆಂದರೆ ನಾನೂ ನಂಬುತ್ತಿರಲಿಲ್ಲ. ಅವಳ ಗಂಡ ಮರುದಿನವೇ ತಾಲ್ಲೂಕಿನ ತೋಟಗಾರಿಕೆ ಕಚೇರಿಗೆ ಓಡಾಡಿ, ತೋಟ ತೋರಿಸಿ, ಬಾಳೆ ಎಷ್ಟು ವರ್ಷದಿಂದ ಇದೆ ಎಂಬ ದೃಢೀಕರಣ ತಂದರು. ಮಾರಾಟದ ಪಟ್ಟಿಗಳು, ಅಂದರೆ ದಲಾಲಿ ಅಂಗಡಿಯವರು ಕೊಡುವ ಚೀಟಿಗಳು, ತೋಟದಲ್ಲೇ ಇವೆ ಎಂದಳು.

“ಇನ್ನ ಒಂದ ಉಳೀತು. ಯಾರ ಎದುರು ಕೊಟ್ಟರು ಅಂತ ಕೇಳ್ಯಾರ. ಉಡಿ ಯಾರು ತುಂಬಿದ್ರು, ನಿಮ್ಮವ್ವ ಏನು?”

“ಅವ್ವ ಹೋಗಿ ಐದ ವರ್ಷ ಆತ್ರಿ.”

“ಮತ್ತ ಯಾರು?”

ಅವಳು ನಾಣ್ಯಗಳನ್ನು ಮತ್ತೆ ಗಂಟು ಕಟ್ಟಿದಳು. “ಅದನ್ನ ನೀವ ಅಪ್ಪನ್ನ ಕೇಳ್ರಿ. ನಾ ಹೇಳಿದ್ರ ಅವನಿಗಿ ಬ್ಯಾಸರ ಆಗ್ತದ.”

ಹೀಗಾಗಿ ಎಳ್ಳಮಾವಾಸ್ಯೆಯ ದಿನ ನಾನು ಕಮಲಾಪುರದ ಬಸ್ಸಿನಲ್ಲಿದ್ದೆ. ಆ ದಿನ ನಮ್ಮ ಕಡೆ ಊರಿಗೆ ಊರೇ ಹೊಲದಲ್ಲಿರುತ್ತದೆ. ಕಲಬುರಗಿಯ ಅಂಗಡಿಗಳೂ ಬಾಗಿಲು ಹಾಕಿರುತ್ತವೆ. ನಾನು ವರ್ಷಗಳಿಂದ ಆ ದಿನ ಕಚೇರಿ ತೆರೆದು ಕೂರುತ್ತೇನೆ, ಕರೆಯುವ ಹೊಲ ನನಗಿಲ್ಲ. ಮಹಾಗಾಂವ ದಾಟುವಾಗ ಕಿಟಕಿಯಿಂದ ನೋಡಿದೆ. ಟ್ರ್ಯಾಕ್ಟರಿನಿಂದ ಬುಟ್ಟಿಗಳನ್ನು ಇಳಿಸುತ್ತಿದ್ದರು, ಹೊಸ ಸೀರೆಯ ಹೆಂಗಸರು ಜೋಳದ ಬೆಳೆಯ ನಡುವೆ ಸಾಲಾಗಿ ನಡೆಯುತ್ತಿದ್ದರು, ಬೆಳೆಗೆ ನೈವೇದ್ಯದ ಚರಗ ಚೆಲ್ಲುವವರ ಕೂಗು ಬಸ್ಸಿನೊಳಗೂ ಕೇಳಿಸಿತು. ತೊಡೆಯ ಮೇಲೆ ಫೈಲು ಇಟ್ಟುಕೊಂಡು ಹಬ್ಬದ ದಿನ ಒಬ್ಬರ ಮನೆಗೆ ತೆರಿಗೆಯ ಕಾಗದ ಒಯ್ಯುತ್ತಿರುವ ನನ್ನ ಬಗ್ಗೆ ನನಗೇ ಬೇಸರವಾಯಿತು.

ತೋಟ ಊರಿನಿಂದ ಸ್ವಲ್ಪ ದೂರ. ಮಗಳು ಮುಂಜಾನೆಯೇ ಬಂದಿದ್ದಳು, ಅಳಿಯ ಕೋಟನೂರಿನಲ್ಲಿ ಪಾಯಕ್ಕೆ ನೀರು ಹೊಡೆಯಲು ಉಳಿದಿದ್ದರು. ತಂದೆಗೆ ಅರವತ್ತು ದಾಟಿರಬಹುದು. ಗಿಡ್ಡನೆಯ, ಗಟ್ಟಿ ಆಳು. ಒಗೆದ ಅಂಗಿಯ ಮೇಲೂ ಬಾಳೆಯ ಕರೆಯ ಕಲೆಗಳು ಹೋಗಿರಲಿಲ್ಲ. ಕಾಗದ ಎಂದು ನಾನು ಬಾಯಿ ತೆರೆಯುವಷ್ಟರಲ್ಲೇ, “ಮೊದಲ ಉಣ್ರಿ ಬಾಯಾರ. ಕಾಗದ ಎಲ್ಲಿ ಓಡಿ ಹೋಗ್ತದ?” ಅಂದರು. ಬೇವಿನ ನೆರಳಿನಲ್ಲಿ ಕೂರಿಸಿ ಸಜ್ಜೆ ರೊಟ್ಟಿ, ಭಜ್ಜಿ, ಕಡುಬು ಬಡಿಸಿದರು. ಭಜ್ಜಿಯನ್ನು ತಾವೇ ಮಾಡಿದ್ದು ಎಂದರು. ಯಾರೋ ಬಡಿಸಿದ್ದನ್ನು ಕೂತು ಉಂಡು ಬಹಳ ದಿನವಾಗಿತ್ತು. ಎರಡು ಸಲ ಹಾಕಿಸಿಕೊಂಡೆ.

ಊಟವಾದ ಮೇಲೆ ಪ್ರಮಾಣಪತ್ರದ ಕರಡು ಕೊಟ್ಟೆ. ಕನ್ನಡದಲ್ಲೇ ಬರೆದಿದ್ದೆ. ‘ಯಾರ ಎದುರು, ಯಾವ ರೀತಿ’ ಎಂಬಲ್ಲಿ ಮಾತ್ರ ಖಾಲಿ ಬಿಟ್ಟಿದ್ದೆ. ಅವರು ಬೆರಳಿಟ್ಟು ಒಂದೊಂದೇ ಸಾಲು ಓದಿ ಆ ಖಾಲಿ ಜಾಗಕ್ಕೆ ಬಂದು ನಿಂತರು.

“ಮಗ್ಗಲ ತೋಟದ ಅಕ್ಕ ಇದ್ದಾಳ. ಆಕಿ ಉಡಿ ತುಂಬ್ಯಾಳ ಅಂತ ಬರೀರಿ. ಆಕಿ ಸೈ ಮಾಡ್ತಾಳ, ಕೇಳಿಟ್ಟೀನಿ.”

“ಆ ನಾಕೂ ಸಲ ಆಕಿನ ತುಂಬ್ಯಾಳೇನ್ರಿ?”

ಅವರು ಬಾಳೆಯ ಸಾಲಿನ ಕಡೆ ನೋಡಿದರು. “ಇಕಿ ಅವ್ವ ತೀರಿಕೊಂಡ ವರ್ಷ ಪಂಚಮಿಗಿ ಆಕಿ ಬಂದು ತುಂಬಿದಳು. ಪಾಪ, ಆಕಿಗಿ ತನ್ನ ಮನ್ಯಾಗ ಹೆಣ್ಣಮಕ್ಕಳು ಬಂದಿದ್ರು, ಅವಸರ ಇತ್ತು. ಒಂದ ಹಿಡಿ ಹಾಕಿ ಹೊಳ್ಳಿ ಹೋದಳು. ನನ್ನ ಮಗಳು ಸೆರಗ ಹಿಡಕೊಂಡು ನಿಂತ ಇದ್ಲು, ಇನ್ನೂ ಹಾಕ್ತಾರೇನೋ ಅಂತ. ಅದನ್ನ ನೋಡಾಕ ಆಗಲಿಲ್ರಿ ನನಗ. ಮುಂದಿನ ಹಬ್ಬಕ್ಕ ನಾನ ಬಾಗಲಾ ಹಾಕ್ಕೊಂಡು…”

ಮಗಳು ತಲೆ ತಗ್ಗಿಸಿ ಕೂತಿದ್ದಳು. ನನಗೆ ಈಗ ತಿಳಿಯಿತು. ಉಡಿ ತುಂಬುವುದು ಹೆಂಗಸರ ಕೆಲಸ, ಅದರಲ್ಲೂ ಮುತ್ತೈದೆಯರದು. ಹೆಂಡತಿ ಸತ್ತ ಗಂಡಸು ಮಗಳನ್ನು ನಿಲ್ಲಿಸಿಕೊಂಡು ಐದು ಬೊಗಸೆ ಅಕ್ಕಿ ಹಾಕಿದ್ದನ್ನು ಅವರು ಊರಿಗೆ ಗೊತ್ತಾಗದಂತೆ ಮುಚ್ಚಿಟ್ಟಿದ್ದರು. ಆ ನಾಲ್ಕು ಸಲವೂ ಯಾರೂ ಎದುರಿಗಿರಲಿಲ್ಲ, ಯಾಕೆಂದರೆ ಯಾರೂ ಇರಬಾರದೆಂದೇ ಬಾಗಿಲು ಹಾಕಿದ್ದರು.

“ಗಂಡಸ ಉಡಿ ತುಂಬ್ಯಾನ ಅಂತ ಸರ್ಕಾರದ ಕಾಗದದಾಗ ಬರದ್ರ ನಾಳಿ ಊರಾಗ ಹ್ಯಾಂಗ ತಿರಗ್ಲಿರಿ? ಅದರಕಿಂತ ತೋಟದಾಗಿಂದ ಒಂದ ಎಕರೆ ಮಾರಿ ದಂಡ ತುಂಬ್ತೇನಿ.”

“ನಿನ್ನ ತೋಟ ಮಾರಿ ನನಗ ಮನಿ ಬ್ಯಾಡಪ್ಪ,” ಎಂದು ಮಗಳು ಎದ್ದು ನೀರಿನ ತೊಟ್ಟಿಯ ಕಡೆ ಹೋಗಿಬಿಟ್ಟಳು.

ನಾನು ಬಾಳೆಯ ಸಾಲಿನೊಳಗೆ ನಡೆದು, ನನಗೆ ಈ ಕೆಲಸ ಕಲಿಸಿದ ಹಿರಿಯ ಲೆಕ್ಕಪರಿಶೋಧಕರಿಗೆ ಫೋನು ಮಾಡಿದೆ. ಅವರು ಎಲ್ಲವನ್ನೂ ಕೇಳಿ ನಕ್ಕರು. “ಸಾಕ್ಷಿ ತಾನಾಗೇ ಬಂದು ಕೂತದ, ನೀವು ಬ್ಯಾಡ ಅಂತೀರಲ್ಲ! ಆ ಹೆಣ್ಣಮಗಳ ಸೈ ತಗೊಂಡು ಬಸ್ ಹತ್ರಿ. ಯಾರು ಬಂದು ನೋಡ್ತಾರ?”

ಯಾರೂ ಬಂದು ನೋಡುವುದಿಲ್ಲ, ಅದು ನನಗೂ ಗೊತ್ತು. ಸಾಕ್ಷಿಯ ಸಹಿ ಇದ್ದರೆ ಉತ್ತರ ಗಟ್ಟಿಯಾಗುತ್ತದೆ, ತಂದೆಯ ಮಾನವೂ ಉಳಿಯುತ್ತದೆ, ನನ್ನ ತಪ್ಪೂ ಮುಚ್ಚಿಹೋಗುತ್ತದೆ. ಕೆಂಪು ದಿಂಡುಗಳ ನಡುವೆ ಸುಮಾರು ಹೊತ್ತು ನಿಂತಿದ್ದೆ. ನಿಜ ಹೇಳಬೇಕೆಂದರೆ, ಒಂದು ಕ್ಷಣ ಪೆನ್ನಿನ ಮುಚ್ಚಳವನ್ನೂ ತೆಗೆದಿದ್ದೆ. ಮೊದಲನೆಯ ಪತ್ರದ ಸುಳ್ಳು ಅವಸರದಲ್ಲಿ ಆದದ್ದು. ಇದು ತಿಳಿದೂ ತಿಳಿದೂ ಆಗುವುದು. ಅದಕ್ಕಿಂತ ಹೆಚ್ಚಾಗಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆ ಮಾತು. ಪಕ್ಕದ ತೋಟದವಳು ತುಂಬಿದಳೆಂದು ಬರೆದರೆ, ಈ ಮನುಷ್ಯ ಬಾಗಿಲು ಹಾಕಿಕೊಂಡು ಮಾಡಿದ್ದು ಎಲ್ಲೂ ಆಗಿಯೇ ಇಲ್ಲ ಎಂದಂತೆ. ಅದನ್ನು ನನಗೆ ಸಹಿಸಲಾಗಲಿಲ್ಲ.

ವಾಪಸು ಬಂದು ಹೇಳಿದೆ: “ಆ ಅಕ್ಕನ ಹೆಸರು ನಾ ಬರಿಯಂಗಿಲ್ರಿ. ನೀವು ಹೇಳಿದ್ದಷ್ಟೇ ಬರೀತೀನಿ. ಏನೂ ಹೇಳಾಂಗಿಲ್ಲ ಅಂದ್ರ ಖಾಲಿ ಬಿಟ್ಟು ಕಳಸ್ತೀನಿ, ಆಗಿದ್ದಾಗ್ಲಿ.” ದನಿ ನನಗರಿಯದೆ ಏರಿತು. “ಅಪ್ಪ ಮಗಳ ಉಡಿ ತುಂಬಿದ್ರ ಅದ್ರಾಗ ನಾಚಿಕಿ ಏನದ್ರಿ?”

ಅವರು ತಲೆ ಎತ್ತಿ ನನ್ನನ್ನೂ ನನ್ನ ಬರಿಯ ಹಣೆಯನ್ನೂ ನೋಡಿದರು. “ನಿಮಗ ಯಾರು ತುಂಬ್ತಾರ್ರಿ ಬಾಯಾರ?”

“ಯಾರೂ ಇಲ್ರಿ. ಇಪ್ಪತ್ತೆರಡ ವರ್ಷ ಆತು,” ಅಂದೆ, ಅರ್ಜಿಯ ಕಾಲಂ ತುಂಬಿಸುವ ದನಿಯಲ್ಲಿ.

ಮಗಳಿಗೆ ನಾಲ್ಕರ ಬಸ್ಸು ಹಿಡಿಯಬೇಕಿತ್ತು, ಮರುದಿನ ಬೆಳಗಿನ ಪಾಳಿ. ಅವರು ಎದ್ದು ಅವಳನ್ನು ತೋಟದ ಕೋಣೆಯೊಳಗೆ ಕರೆದರು. ನಾನು ಯಾರೂ ಹೇಳದೆಯೇ ಎದ್ದು ಹತ್ತು ಹೆಜ್ಜೆ ದೂರ ಹೋಗಿ ನಿಂತೆ. ಇಂಥ ಹೊತ್ತಿನಲ್ಲಿ ಹಿಂದೆ ಸರಿದು ನಿಲ್ಲುವುದು ನನ್ನ ಕಾಲುಗಳಿಗೆ ರೂಢಿಯಾಗಿದೆ. ಬಾಗಿಲು ಮುಚ್ಚಿತು. ಒಳಗೆ ತಾಟಿನ ಸಪ್ಪಳ, ಅಕ್ಕಿ ಬೀಳುವ ಸಪ್ಪಳ, ಆಮೇಲೆ ಒಂದು ನಾಣ್ಯ ತಾಟಿಗೆ ತಾಗಿದ ಸಪ್ಪಳ. ಫೈಲನ್ನು ಎದೆಗೆ ಅವುಚಿಕೊಂಡು ನಿಂತಿದ್ದೆ. ಆ ಹತ್ತು ಹೆಜ್ಜೆಯ ದೂರದಲ್ಲಿ ನನಗೆ ಆದಷ್ಟು ಒಂಟಿತನ ಗಂಡ ಸತ್ತ ದಿನವೂ ಆಗಿರಲಿಲ್ಲ. ಆ ದಿನ ಮನೆ ತುಂಬ ಜನವಿದ್ದರು.

ಮಗಳು ಸೆರಗಿನ ಗಂಟು ಹಿಡಿದು ಹೊರಬಂದಳು. ಹಿಂದೆಯೇ ಬಂದ ತಂದೆ ಕೈಗಂಟಿದ ಅಕ್ಕಿಯ ಕಾಳು ಒರೆಸಿಕೊಳ್ಳುತ್ತಾ ನನ್ನ ಮುಂದೆ ನಿಂತರು.

“ಬರೀರಿ ಬಾಯಾರ. ಯಾರೂ ಇರಲಿಲ್ಲ, ನಾನ ತುಂಬೀನಿ ಅಂತ ಬರೀರಿ. ಬಾಗಲಾ ಹಾಕಿತ್ತು ಅಂತನೂ ಬರೀರಿ.” ಆಮೇಲೆ ಸ್ವಲ್ಪ ಜಂಬದಿಂದ, “ಈ ಸಲ ರೊಕ್ಕ ಬ್ಯಾಂಕಿನಿಂದ ಬ್ಯಾಂಕಿಗೇ ಹಾಕೀನಿ. ಉಡ್ಯಾಗ ಬರೇ ಒಂದ ರೂಪಾಯಿ,” ಎಂದರು.

ಅಲ್ಲೇ ಬೇವಿನ ಕೆಳಗೆ ಕೂತು ಬರೆದೆ. ಅವರು ಗೋಡೆಯ ಮೊಳೆಗೆ ತೂಗುಹಾಕಿದ್ದ ತಂತಿಯನ್ನು ತಂದುಕೊಟ್ಟರು. ಅದಕ್ಕೆ ಬಾಳೆ ಮಾರಾಟದ ಪಟ್ಟಿಗಳನ್ನೆಲ್ಲ ಒಂದರ ಮೇಲೊಂದು ಚುಚ್ಚಿಟ್ಟಿದ್ದರು. ಒಂದೂ ಕಳೆದಿರಲಿಲ್ಲ. “ಹೊಳ್ಳಿ ತಂದು ಕೊಡ್ರಿ ಮತ್ತ,” ಅಂದರು. ಕೊಡುತ್ತೇನೆ ಎಂದು ಮಾತು ಕೊಟ್ಟೆ.

ಮರುದಿನ ಅವರು ಕಲಬುರಗಿಗೆ ಬಂದು ನೋಟರಿಯ ಎದುರು ಸಹಿ ಮಾಡಿದರು. ನಂತರದ ಎರಡು ದಿನ ನಾನು ಉತ್ತರ ಕಟ್ಟಿದೆ. ಮೊದಲ ಪ್ಯಾರಾದಲ್ಲೇ, ಹಿಂದಿನ ಪತ್ರದ ದಿನಾಂಕ ತಪ್ಪು, ಆ ತಪ್ಪು ತೆರಿಗೆದಾರಳದ್ದಲ್ಲ, ಪ್ರತಿನಿಧಿಯಾದ ನನ್ನದು ಎಂದು ಹೆಸರು ಸಮೇತ ಬರೆದೆ. ಹಾಗೆ ಬರೆಯುವುದು ನಮ್ಮ ವೃತ್ತಿಯಲ್ಲಿ ರೂಢಿಯಲ್ಲ. ಆಮೇಲೆ ನಾಲ್ಕು ಹಬ್ಬ, ನಾಲ್ಕು ರಜೆ, ನಾಲ್ಕು ಜಮೆ ಒಂದು ಕೋಷ್ಟಕದಲ್ಲಿ. ಕ್ಯಾಲೆಂಡರಿನ ಹಾಳೆಗಳು, ಪಟ್ಟಿಗಳು, ತೋಟಗಾರಿಕೆಯ ದೃಢೀಕರಣ. ತಂದೆ ಕೊಟ್ಟದ್ದು ಏಳು ಲಕ್ಷದ ನಾಲ್ಕು ರೂಪಾಯಿ, ಖಾತೆಗೆ ಬಂದದ್ದು ಏಳು ಲಕ್ಷ, ಉಳಿದ ನಾಲ್ಕು ನಾಣ್ಯ ಮಗಳ ಹತ್ತಿರ ಇವೆ ಎಂದೂ ಬರೆದೆ. ಇಂಗ್ಲಿಷಿನಲ್ಲಿ ಉಡಿಯ ಬಗ್ಗೆ ಬರೆಯುವುದೇ ಕಷ್ಟವಾಯಿತು. ಯಾವುದೋ ಊರಿನಲ್ಲಿ ಕೂತ, ಹೆಸರು ತಿಳಿಯದ ಒಬ್ಬರಿಗೆ, ಒಬ್ಬ ತಂದೆ ಬಾಗಿಲು ಹಾಕಿಕೊಂಡು ಮಗಳ ಸೆರಗಿಗೆ ಅಕ್ಕಿ ಯಾಕೆ ಹಾಕಿದ ಎಂದು ಬಿಡಿಸಿ ಹೇಳಬೇಕಿತ್ತು. ಆರು ಸಲ ಅಳಿಸಿ ಬರೆದೆ. ಪ್ರೀತಿ ವಾತ್ಸಲ್ಯದ ಸಾಲನ್ನು ಈ ಸಲ ಹಾಕಲೇ ಇಲ್ಲ. ಗಡುವಿನ ಕೊನೆಯ ಮಧ್ಯಾಹ್ನ ಅಪ್‌ಲೋಡ್ ಮಾಡಿದೆ. ಎಂದಿನಂತೆ ಒಂದು ಸಂಖ್ಯೆ ಬಂತು.

ಅಲ್ಲಿಂದ ಎರಡು ತಿಂಗಳಿಗೂ ಮೇಲೆ ಏನೂ ಇಲ್ಲ. ದಿನಕ್ಕೆ ಮೂರು ಸಲ ಪೋರ್ಟಲ್ ತೆರೆದು ನೋಡುತ್ತಿದ್ದೆ. ಅವಳು ವಾರಕ್ಕೊಮ್ಮೆ ಫೋನು ಮಾಡಿ “ಏನರೆ ಬಂತೇನ್ರಿ?” ಅನ್ನುತ್ತಿದ್ದಳು. ಪಾಯದ ಮೇಲೆ ಗೋಡೆ ಎದ್ದಿರಲಿಲ್ಲ. ಕೆಲಸ ಕಲಿಸಿದ ಆ ಹಿರಿಯರು ಒಮ್ಮೆ ಸಿಕ್ಕಾಗ, “ತಪ್ಪು ನಂದು ಅಂತ ಬರಕೊಟ್ರಂತಲ್ಲ, ಶಹಾಣ್ಯಾ ಆದ್ರಿ,” ಎಂದು ಚೇಷ್ಟೆ ಮಾಡಿದರು. ಎದುರಿಗೆ ನಕ್ಕೆ, ಆದರೆ ಆ ಮಾತು ಹಲವು ದಿನ ನನ್ನನ್ನು ಕೊರೆಯಿತು.

ಆದೇಶ ಬಂದದ್ದು ರಂಜಾನ್ ತಿಂಗಳ ಒಂದು ಸಂಜೆ. ಎರಡು ಪುಟ. ವಿವರಣೆ ಮತ್ತು ದಾಖಲೆಗಳನ್ನು ಪರಿಶೀಲಿಸಲಾಗಿದೆ, ಜಮೆಯ ದಿನಗಳು ಹೇಳಿಕೆಗೆ ಹೊಂದುತ್ತವೆ, ಸಲ್ಲಿಸಿದ ಆದಾಯವನ್ನು ಒಪ್ಪಲಾಗಿದೆ. ಉಡಿಯ ಬಗ್ಗೆ ಒಂದು ಮಾತೂ ಇರಲಿಲ್ಲ. ಓದಿದವರು ಯಾರೋ, ಅವರಿಗೆ ಏನನ್ನಿಸಿತೋ, ನನಗೆ ಎಂದೂ ತಿಳಿಯುವುದಿಲ್ಲ. ಫೋನು ಮಾಡಿದಾಗ ಅವಳು ಅತ್ತಳು, ನಕ್ಕಳು, ಗಂಡನಿಗೆ ಹೇಳಬೇಕೆಂದು ಇಟ್ಟುಬಿಟ್ಟಳು. ನಾನೂ ಯಾರಿಗಾದರೂ ಹೇಳಬೇಕೆಂದು ಮೆಟ್ಟಿಲಿಳಿದು ಕೆಳಗೆ ಹೋದೆ. ರಟ್ಟಿನವರು ಇಫ್ತಾರಿಗೆಂದು ಅಂಗಡಿ ಹಾಕಿ ಹೋಗಿದ್ದರು. ಮುಚ್ಚಿದ ಅಂಗಡಿಯ ಮುಂದೆ ಸ್ವಲ್ಪ ಹೊತ್ತು ನಿಂತಿದ್ದು ಮತ್ತೆ ಮೇಲೆ ಹತ್ತಿ ಬಂದು, ಅರ್ಧ ಉಳಿದಿದ್ದ ಇನ್ನೊಬ್ಬರ ರಿಟರ್ನ್ ತೆರೆದೆ.

ಆ ವಾರವೇ ತಂತಿಯನ್ನು ಹಿಂದಿರುಗಿಸಲು ಕಮಲಾಪುರಕ್ಕೆ ಹೋದೆ. ಹಬ್ಬವಿರಲಿಲ್ಲ, ಬರಿಯ ಬುಧವಾರ. ಪಟ್ಟಿಗಳನ್ನು ಇದ್ದ ಕ್ರಮದಲ್ಲೇ ಚುಚ್ಚಿ ತಂದಿದ್ದೆ. ಅವರು ಅದನ್ನು ಮೊಳೆಗೆ ಹಾಕಿ, ಆದೇಶದ ನಕಲನ್ನು ಕಣ್ಣಿಗೊತ್ತಿಕೊಂಡು ದೇವರ ಫೋಟೋದ ಹಿಂದೆ ಸಿಕ್ಕಿಸಿದರು. ನನ್ನ ಫೀಯನ್ನು ಮಗಳು ಆಗಲೇ ಕಳಿಸಿದ್ದಳು. ಹೊರಡಲು ಎದ್ದಾಗ ಅವರು ಮೂಲೆಯಿಂದ ಒಂದು ತಾಟು ತಂದರು. ಅಕ್ಕಿ, ಕೊಬ್ಬರಿ ಬಟ್ಟಲು, ಬೆಲ್ಲ, ಹಸಿರು ಖಣ, ಎರಡು ಕೆಂಬಾಳೆ, ಮೇಲೊಂದು ರೂಪಾಯಿ.

“ಸೆರಗ ಒಡ್ಡ್ರಿ ಬಾಯಾರ.”

“ನಮ್ಮಲ್ಲಿ ನನ್ನಂಥವ್ರಿಗಿ ತುಂಬಂಗಿಲ್ರಿ,” ಅಂದೆ.

“ನಮ್ಮಲ್ಲಿ ನನ್ನಂಥವ್ರು ತುಂಬಂಗಿಲ್ರಿ,” ಎಂದರು ಅವರು.

ತಾಟನ್ನು ಒಂದು ಕೈಯಲ್ಲಿ ಹಿಡಿದು, ರೂಢಿಯಂತೆ ಬಾಗಿಲು ಹಾಕಲು ಹೋದರು. ಹೊರಗೆ ಬದುವಿನ ಮೇಲೆ ಪಕ್ಕದ ತೋಟದ ಅಕ್ಕ ಹುಲ್ಲಿನ ಹೊರೆ ಹೊತ್ತು ಬರುತ್ತಿದ್ದಳು.

“ಬಾಗಲಾ ತೆರದ ಇರ್ಲಿರಿ,” ಎಂದು ನಾನು ಸೆರಗು ಒಡ್ಡಿದೆ.